ಮಿಲಿಟರಿ ಬೂಟು ಸಿಗುತ್ತೆ, ಬಂದೂಕು ಸಿಗುತ್ತಾ?

ಹಿಂದೂಪುರ/ಕಲ್ಯಾಣದುರ್ಗ: ಮಿಲಿಟರಿಯವರು ಬಳಸಿ ಬಿಟ್ಟ ಜೀಪು ಹರಾಜಿನಲ್ಲಿ ಸಿಗುತ್ತೆ. ಬೂಟು, ಕಂಬಳಿ, ಟೆಂಟು ಬಟ್ಟೆ ಸಂತೆಯಲ್ಲೂ ಸಿಗುತ್ತೆ. ಹಾಗಾದರೆ ಬಂದೂಕು?

ಗಡಿಭಾಗದ ಹಳ್ಳಿಕಟ್ಟೆಗಳಲ್ಲಿ ಈ ಪ್ರಶ್ನೆ ಆಗಾಗ ಏಳುತ್ತದೆ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದ ಮರುದಿನ ಜೋರಾಗಿ ಏಳುತ್ತದೆ. ಸೇನೆಯಲ್ಲಿ ದುಡಿದು ಬಂದವರಿಗಂತೂ ತಾವು ಹೊತ್ತು ತಿರುಗಿದ 'ತ್ರೀ ನಾಟ್ ತ್ರೀ' ಮೇಲೆ ಈಗಲೂ ಮಮಕಾರ. 'ಅದೊಂದು ಮನೆಯಲ್ಲಿದ್ರೆ...' ಅನ್ನುವವರು ಮಡಕಶಿರಾ, ರೊಳ್ಳ, ಅಗಳಿ ಕಡೆಯೂ ಸಿಗುತ್ತಾರೆ.

ಉತ್ತರ ಚಿಕ್ಕದು: ಸಿಗಲ್ಲ. ಯಾಕೆ ಸಿಗಲ್ಲ, ಬದಲಿಗೆ ಏನು ಸಿಗುತ್ತೆ ಅನ್ನೋದು ಮಾತ್ರ ಉದ್ದದ ಕಥೆ.

ಸೇನೆಯ ಗುಂಡು, ಸೇನೆಗೇ

.303 ಎಂದರೆ ಲೀ-ಎನ್‌ಫೀಲ್ಡ್ ರೈಫಲ್. ಸುಮಾರು 4 ಕಿಲೋ ತೂಕ, 10 ಗುಂಡಿನ ಮ್ಯಾಗಜಿನ್. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಬ್ರಿಟಿಷರ ಕಾಲದಿಂದ ತಯಾರಾಗುತ್ತಿತ್ತು. 1962ರ ಚೀನಾ ಯುದ್ಧದಲ್ಲಿ ನಮ್ಮ ಯೋಧರ ಕೈಯಲ್ಲಿದ್ದುದು ಹೆಚ್ಚಾಗಿ ಇದೇ. ಸೇನೆ ಕೈಬಿಟ್ಟ ಮೇಲೂ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಉಳಿಯಿತು. ಉತ್ತರ ಪ್ರದೇಶ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವ ಪರೇಡಿನಲ್ಲಿ.

ಆದರೆ ಕಾನೂನಿನ ಕಣ್ಣಲ್ಲಿ .303 ಹಾಗೂ 7.62 ಎರಡೂ 'ನಿಷೇಧಿತ ಬೋರ್'. ಸೇನೆಯ ಕಾಡತೂಸು ಹಾಕಿ ಹಾರಿಸಬಹುದಾದ ಯಾವ ರೈಫಲ್ಲೂ ಸಾಮಾನ್ಯ ಲೈಸೆನ್ಸಿಗೆ ಬರುವುದಿಲ್ಲ. ಅದು ಕಲೆಕ್ಟರ್ ಕೈಯಲ್ಲಿರುವ ವಿಷಯವಲ್ಲ, ಕೇಂದ್ರ ಗೃಹ ಇಲಾಖೆಯದು. ಲೈಸೆನ್ಸಿಲ್ಲದೆ ಇಟ್ಟುಕೊಂಡು ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು.

ತಮಾಷೆ ನೋಡಿ, ಇದೇ ಇಶಾಪುರದಲ್ಲಿ ತಯಾರಾಗಿ, ಸೇವೆ ಮುಗಿಸಿದ ರೈಫಲ್‌ಗಳು ಅಮೆರಿಕದ ಅಂಗಡಿಗಳಲ್ಲಿ ಮಾರಾಟವಾಗಿವೆ. ಅಲ್ಲಿನವರು ಗ್ರೀಸು ಮೆತ್ತಿದ ಬಂದೂಕು ಕೊಂಡು, ಸೀಮೆಎಣ್ಣೆಯಲ್ಲಿ ತೊಳೆದು ಶೋಕಿ ಮಾಡುತ್ತಾರೆ. ಮಾಡಿದ ದೇಶದ ರೈತ ಮುಟ್ಟುವಂತಿಲ್ಲ!

ಹಾಗಂತ ಸರ್ಕಾರದ ಭಯಕ್ಕೆ ಅರ್ಥವಿಲ್ಲ ಎನ್ನುವಂತೆಯೂ ಇಲ್ಲ. ಫ್ಯಾಕ್ಷನ್ ರಕ್ತ ಹರಿದ ಸೀಮೆ ಇದು. 2005ರ ಜನವರಿ 24ರಂದು ಅನಂತಪುರದಲ್ಲಿ ಶಾಸಕ ಪರಿಟಾಲ ರವಿ ಹತ್ಯೆಯಾಯಿತು. ಅದಾಗಿ ಮೂರು ವಾರ ತುಂಬುವುದರೊಳಗೆ ಪಕ್ಕದ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಕೆಎಸ್‌ಆರ್‌ಪಿ ಕ್ಯಾಂಪಿನ ಮೇಲೆ ನಕ್ಸಲರು ರಾತ್ರಿ ದಾಳಿ ಮಾಡಿ ಪೊಲೀಸರನ್ನು ಕೊಂದರು. ಅದನ್ನೆಲ್ಲ ಕಂಡ ಅಧಿಕಾರಿಗಳು ಬಂದೂಕಿನ ಅರ್ಜಿಯನ್ನು ಎರಡು ಸಲ ಓದುವುದು ಸಹಜವೇ.

ಅಣ್ಣನಿಲ್ಲ, ತಮ್ಮ ಇದ್ದಾನೆ

.303 ಇಲ್ಲದವರಿಗೆ ಉಳಿದ ದಾರಿ .315. ಇದೂ ಇಶಾಪುರದ್ದೇ, ಬೋಲ್ಟು ಎಳೆಯುವ ರೀತಿಯೂ ಲೀ-ಎನ್‌ಫೀಲ್ಡಿನದ್ದೇ. ಮಿಲಿಟರಿಯ ಗುಂಡು ಜನರ ಬಂದೂಕಿಗೆ ಹೊಂದಬಾರದು ಎಂಬುದು ಬ್ರಿಟಿಷರ ಲೆಕ್ಕ. ಆದ್ದರಿಂದ ಆಸ್ಟ್ರಿಯಾ ಸೇನೆಯ ಹಳೆಯ 8 ಎಂಎಂ ತೋಟಾಕ್ಕೆ ಹೊಂದುವಂತೆ ಇದನ್ನು ಮಾಡಿದರು. ಬ್ರಿಟಿಷರು ಹೋದರೂ ಆ ಲೆಕ್ಕ ಹಾಗೇ ಇದೆ. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ರದ್ದಾಗಿ 7 ಕಂಪನಿಗಳಾದ ಮೇಲೆ ಇಶಾಪುರದ ರೈಫಲ್ ಕಾರ್ಖಾನೆ ಕಾನ್ಪುರದ ಅಡ್ವಾನ್ಸ್‌ಡ್ ವೆಪನ್ಸ್ ಕಂಪನಿಗೆ ಸೇರಿದೆ.

ಬೆಳೆ ಕಾಯಲು ಮಾತ್ರ ಕೇಳುವವರಿಗೆ ಕಾನೂನು ಮೊದಲು ತೋರಿಸುವುದು ರೈಫಲ್ ಅಲ್ಲ, ಬಾಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಎಂದು ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ತುಪಾಕಿ. ಬ್ಯಾಂಕಿನ ಗನ್‌ಮನ್ ಕೆಲಸಕ್ಕೆ ಹೋಗುವ ಮಾಜಿ ಸೈನಿಕರ ಕೈಯಲ್ಲಿ ಕಾಣುವ 12 ಬೋರ್ ಜೋಡಿ ನಳಿಗೆಯದು ಈ ಜಾತಿಗೆ ಸೇರಿದ್ದು.

ಇನ್ನೊಂದು ಮಾತು. ಬಂದೂಕಿನ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. ಹೊಲದಲ್ಲಿ ಹಂದಿಗೆ ಗುಂಡು ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಕೃಷ್ಣಮೃಗದ ಸುದ್ದಿಗಂತೂ ಹೋಗಲೇಬೇಡಿ.

ಕೊಡಗಿನವರ ಹಾಗೆ ನಮಗೂ ವಿನಾಯಿತಿ ಕೊಡಲಿ ಎನ್ನುವವರಿದ್ದಾರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು. ಈ ಕಡೆಗೆ ಆ ಚರಿತ್ರೆ ಇಲ್ಲ.

ಹಳೆಯದು ಕೊಳ್ಳುವಾಗ

ಹೊಸದರ ಬೆಲೆ ಕೇಳಿ ಹಿಂದೆ ಸರಿದವರು ಸೆಕೆಂಡ್‌ಹ್ಯಾಂಡ್ .315 ಹುಡುಕುತ್ತಾರೆ. ಮಾರುವವ 45 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣೆಗೆ ಲಿಖಿತವಾಗಿ ತಿಳಿಸಿರಬೇಕು. 'ಕಾಗದ ಆಮೇಲೆ ಮಾಡ್ಕೊಳ್ಳೋಣ' ಅಂದರೆ ಅಲ್ಲಿಂದ ಎದ್ದು ಬನ್ನಿ.

ಬಂದೂಕು ನೋಡುವಾಗ ಮೊದಲು ನಂಬರು. ಬೋಲ್ಟಿನ ಹಿಡಿಯ ಮೇಲಿನ ನಂಬರೂ ಬಂದೂಕಿನ ಮೈ ಮೇಲಿನ ನಂಬರೂ ಒಂದೇ ಇರಬೇಕು, ಲೈಸೆನ್ಸಿನಲ್ಲೂ ಅದೇ ಇರಬೇಕು. ಬೇರೆ ಬಂದೂಕಿನ ಬೋಲ್ಟು ತಂದು ಸೇರಿಸಿದ್ದರೆ ತೋಟಾ ಹಿಂದೆ ಸರಿಯಾಗಿ ಕೂರದೆ ಒಡೆಯಬಹುದು. ಮುಖದ ಹತ್ತಿರ ಒಡೆಯುವ ವಸ್ತು ಅದು!

ಆಮೇಲೆ ನಳಿಗೆ. ಬೋಲ್ಟು ತೆಗೆದು, ಹಿಂದುಗಡೆ ಬಿಳಿ ಕಾಗದ ಹಿಡಿದು, ಬಾಯಿಂದ ನೋಡಿ. ಒಳಗೆ ಸುರುಳಿ ಗೆರೆಗಳು ಕನ್ನಡಿಯಂತೆ ಹೊಳೆಯಬೇಕು. ಕಪ್ಪು ಚುಕ್ಕೆ, ಗುಳಿ ಕಂಡರೆ ತುಕ್ಕು ತಿಂದಿದೆ ಎಂದೇ ಅರ್ಥ. ಎಷ್ಟು ಉಜ್ಜಿದರೂ ಆ ಗುಳಿ ತುಂಬುವುದಿಲ್ಲ.

ಚಿಂದಿ, ಬಿಸಿನೀರು, ಅಗಸೆಎಣ್ಣೆ

ಸ್ವಚ್ಛ ಮಾಡುವುದನ್ನು ಮಾಜಿ ಸೈನಿಕರಿಂದಲೇ ಕಲಿಯಬೇಕು. ಅವರದು ಇಲ್ಲಿ ಮಡಿವಂತಿಕೆ. ಮೊದಲ ಕೆಲಸ 'ಖಾಲಿ ಕರ್'. ಮ್ಯಾಗಜಿನ್ ಬಿಚ್ಚಿ, ಬೋಲ್ಟು ಎಳೆದು, ತೋಟಾ ಕೂರುವ ಜಾಗ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡುವುದು. ಕಾಡತೂಸು ಬೇರೆ ಕೋಣೆಯಲ್ಲಿ, ಮಕ್ಕಳು ಇನ್ನೊಂದು ಕೋಣೆಯಲ್ಲಿ. ಖಾಲಿ ಎಂದುಕೊಂಡು ಉಜ್ಜುವಾಗ ಹಾರಿದ ಗುಂಡಿನ ಸುದ್ದಿಯನ್ನು ಪತ್ರಿಕೆಗಳು ಬರೆದು ಬರೆದು ಸಾಕಾಗಿದೆ.

ಸಾಮಾನು ದೊಡ್ಡದೇನಿಲ್ಲ. ತುದಿಗೆ ಹಿತ್ತಾಳೆ ಭಾರವಿರುವ ಹಗ್ಗ, ಅದೇ ಪುಲ್-ಥ್ರೂ. .303ರ ಬಟ್ಟಿನ ಹಿಂಬದಿಯ ಮುಚ್ಚಳ ತೆರೆದರೆ ಪುಲ್-ಥ್ರೂ, ಎಣ್ಣೆ ಶೀಶೆ ಎರಡೂ ಅಲ್ಲೇ ಇರುತ್ತಿದ್ದವು. ಜೊತೆಗೆ ಫ್ಲಾನೆಲ್ ಬಟ್ಟೆಯ ತುಂಡು, ಫೌಜಿ ಭಾಷೆಯಲ್ಲಿ 'ಚಿಂದಿ'. ಒರೆಸಲು 4 ಇಂಚಿಗೆ 2 ಇಂಚು, ಎಣ್ಣೆ ಹಚ್ಚಲು ಇನ್ನೂ ಸಣ್ಣದು. ಹಿಂದಿನಿಂದ ಇಳಿಬಿಟ್ಟು ಬಾಯಿಯ ಕಡೆಗೆ ಒಂದೇ ಎಳೆತ. ನಡುವೆ ನಿಲ್ಲಿಸಬಾರದು, ಹಗ್ಗ ಬಾಯಿಯ ಅಂಚಿಗೆ ಉಜ್ಜಬಾರದು. ಉಜ್ಜಿದರೆ ಅಂಚು ಸವೆದು ಗುರಿ ಹೋಗುತ್ತದೆ.

ಹಳೇ ಕಾಲದ ತೋಟಾ ಹಾರಿಸಿದ ಮೇಲೆ ಕುದಿಯುವ ನೀರು ಯಾಕೆ ಹೊಯ್ಯುತ್ತಿದ್ದರು ಗೊತ್ತೇ? ಆ ಕಾಲದ ಟೋಪಿಯ ಮದ್ದು ಉರಿದಾಗ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತಿತ್ತು. ಉಪ್ಪು ತೇವ ಎಳೆದು ರಾತ್ರೋರಾತ್ರಿ ತುಕ್ಕು ಹಿಡಿಸುತ್ತೆ. ಎಣ್ಣೆಗೆ ಉಪ್ಪು ಕರಗಲ್ಲ, ನೀರಿಗೇ ಕರಗಬೇಕು. ಅದಕ್ಕೇ ಲಾಳಿಕೆ ಇಟ್ಟು ಬಿಸಿನೀರು. ನಳಿಗೆ ಬಿಸಿಯಾಗುವುದರಿಂದ ಬೇಗ ಒಣಗುತ್ತೆ ಕೂಡ. ಒಣ ಚಿಂದಿ ಹಾಕಿ ಎಳೆದ ನಂತರವೇ ಎಣ್ಣೆ.

ಯಾವ ಎಣ್ಣೆ? ಕಲ್ಯಾಣದುರ್ಗ ಕಡಲೆಕಾಯಿ ಸೀಮೆಯಾದ್ದರಿಂದ ಕೈಗೆ ಸಿಕ್ಕಿದ್ದು ಅದೇ. ದಯವಿಟ್ಟು ಬೇಡ, ಅಡುಗೆ ಎಣ್ಣೆ ಕೆಲ ದಿನಕ್ಕೆ ಅಂಟು ಕಟ್ಟಿ ಬೋಲ್ಟು ಹಿಡಿಯುತ್ತೆ. ಬಂದೂಕಿನ ಎಣ್ಣೆಯೇ ಆಗಬೇಕು, ಇಲ್ಲದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ. ಅದೂ ತೆಳ್ಳಗೆ. ಮಳೆ ಕಡಿಮೆಯಿರುವ ಈ ಜಿಲ್ಲೆಯಲ್ಲಿ ತುಕ್ಕಿಗಿಂತ ಧೂಳಿನ ಕಾಟ ಜಾಸ್ತಿ. ದಪ್ಪ ಎಣ್ಣೆಗೆ ಧೂಳು ಕೂತರೆ ಉಪ್ಪುಕಾಗದದ ಹಾಗೆ ಲೋಹ ತಿನ್ನುತ್ತದೆ. ಮರದ ಭಾಗಕ್ಕೆ ಮಾತ್ರ ಅಗಸೆಎಣ್ಣೆ, ಅಂಗೈಯಲ್ಲಿ ತಿಕ್ಕಿ ತಿಕ್ಕಿ. ಹಾರಿಸುವ ಮೊದಲು ನಳಿಗೆಯ ಎಣ್ಣೆ ಒರೆಸಿ ತೆಗೆಯಬೇಕು.

ಠಾಣೆಯಲ್ಲಿ ಮಲಗುವ ಬಂದೂಕು

ಇಷ್ಟೆಲ್ಲ ಜೋಪಾನ ಮಾಡಿದರೂ ಚುನಾವಣೆ ಬಂದರೆ ಬಂದೂಕು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಅಲ್ಲಿ ವಾರಗಟ್ಟಲೆ ಗೋಡೆಗೆ ಒರಗಿ ನಿಂತು ವಾಪಸ್ ಬಂದಾಗ ನಳಿಗೆ ಕೆಂಪಗಾಗಿರುತ್ತೆ ಎಂಬುದು ಲೈಸೆನ್ಸುದಾರರ ಹಳೆಯ ಗೋಳು. ಒಪ್ಪಿಸುವ ಮುನ್ನ ನಳಿಗೆಗೆ ಎಣ್ಣೆ ಸ್ವಲ್ಪ ಧಾರಾಳವಾಗಿಯೇ ಹಾಕಿ, ರಸೀದಿಯಲ್ಲಿ ನಂಬರು ಬರೆಸಿಕೊಳ್ಳಿ. ಬಾಯಿಗೆ ಬಟ್ಟೆ ತುರುಕುವ ಅಭ್ಯಾಸ ಹಲವರಿಗಿದೆ. ಅದು ತೇವ ಹಿಡಿಯುತ್ತೆ. ತೆಗೆಯಲು ಮರೆತು ಹಾರಿಸಿದರೆ ನಳಿಗೆ ಸೀಳುತ್ತೆ.

ತಾತನ ಕಾಲದ ಬಂದೂಕು ಅಟ್ಟದ ಮೇಲಿದ್ದು ಲೈಸೆನ್ಸುದಾರ ತೀರಿಕೊಂಡಿದ್ದರೆ ವಾರಸುದಾರರು ತಡಮಾಡದೆ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಜಮಾ ಮಾಡಿ, ಆಮೇಲೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಖಂಡೇನವಮಿ ಪೂಜೆಗೆ ಇರಲಿ ಎಂದು ಮರಾಠಿ ಮನೆಗಳಲ್ಲಿ, ಆಯುಧಪೂಜೆಗೆ ಇರಲಿ ಎಂದು ಕನ್ನಡದ ಮನೆಗಳಲ್ಲಿ ಉಳಿಸಿಕೊಂಡರೆ ಪೂಜೆಯ ನೆಪ ಕೋರ್ಟಿನಲ್ಲಿ ನಡೆಯದು. 2019ರ ನಂತರ ಒಬ್ಬರ ಹೆಸರಿನಲ್ಲಿ ಎರಡೇ ಬಂದೂಕು, ಲೈಸೆನ್ಸ್ ಅವಧಿ 3 ವರ್ಷದ ಬದಲು 5 ವರ್ಷ.

2022ರ ಏಪ್ರಿಲ್ 4ರಂದು ಜಿಲ್ಲೆ ಒಡೆದ ಮೇಲೆ ಅರ್ಜಿಯ ದಾರಿಯೂ ಎರಡಾಗಿದೆ. ಹಿಂದೂಪುರ, ಮಡಕಶಿರಾದವರು ಪುಟ್ಟಪರ್ತಿಯ ಕಲೆಕ್ಟರ್ ಕಚೇರಿಗೆ, ಕಲ್ಯಾಣದುರ್ಗ, ರಾಯದುರ್ಗದವರು ಮೊದಲಿನಂತೆ ಅನಂತಪುರಕ್ಕೆ.