ಹೊಸ ಕಾಲದಲ್ಲಿ ಕಣ್ತೆರೆದವನು

ಮಾಸ್ಟ್ರಿಕ್ಟಿನಲ್ಲಿ ನೆಲೆಸಿದ ನಮಗೆ ಡಚ್ ಸಂಗೀತವೆಂದೊಡನೆ ನೆನಪಾಗುವವರು ಈ ಊರಿನವರೇ ಆದ ಪಿಟೀಲುವಾದಕ ಆಂದ್ರೆ ರಿಯೂ. ಇಂದು ನಾವು ಪರಿಚಯಿಸಬಯಸುವುದು ಬೇರೆಯ ಬಗೆಯ ಸಂಗೀತವನ್ನು. ಮಕ್ಕಳ ಕೋಣೆಯಿಂದ ಕೇಳಿಬಂದರೆ ಹಿರಿಯರು ಬಾಗಿಲು ಹಾಕಿಸುವಂಥದನ್ನು.

1960ರಲ್ಲಿ ಜನಿಸಿದ ಅರ್ಯೆನ್ ಲೂಕಾಸೆನ್, 'ಅಯ್ರಿಯಾನ್' ಎಂಬ ಹೆಸರಿನಲ್ಲಿ ಹಲವು ಗಾಯಕರನ್ನು ಕೂಡಿಸಿ ರಾಕ್ ಗೀತನಾಟಕಗಳನ್ನು ಕಟ್ಟಿದ ಡಚ್ ಸಂಗೀತಗಾರ. 2012ರಲ್ಲಿ ಅವರು ತಮ್ಮದೇ ಹೆಸರಿನಲ್ಲಿ, ತಮ್ಮದೇ ಕಂಠದಲ್ಲಿ, 'ಲಾಸ್ಟ್ ಇನ್ ದ ನ್ಯೂ ರಿಯಲ್' ಎಂಬ ಆಲ್ಬಮನ್ನು ಹೊರತಂದರು. ಪ್ರೊಗ್ರೆಸಿವ್ ರಾಕ್ ಎಂಬ ಈ ಪ್ರಕಾರವು ಬಿಡಿಹಾಡಿಗೆ ತೃಪ್ತವಾಗದೆ, ಹಲವು ಹಾಡುಗಳನ್ನು ಒಂದೇ ಕಥೆಯ ಎಳೆಯಲ್ಲಿ ಪೋಣಿಸುವುದುಂಟು.

ಕಥಾನಾಯಕ 'ಮಿಸ್ಟರ್ ಎಲ್' ವಾಸಿಯಾಗದ ರೋಗಕ್ಕೆ ತುತ್ತಾದವನು. ಸಾವಿನ ಹೊತ್ತಿಗೆ ಅವನ ದೇಹವನ್ನು ಶೀತದಲ್ಲಿ ಕಾದಿರಿಸುತ್ತಾರೆ. ಔಷಧ ದೊರೆತ ದೂರದ ಭವಿಷ್ಯದಲ್ಲಿ ಎಬ್ಬಿಸುತ್ತಾರೆ. ದೇಹವೇನೋ ಗುಣವಾಯಿತು, ಮನಸ್ಸನ್ನು ಯಾರು ಗುಣಪಡಿಸಬೇಕು? ಅದಕ್ಕೆಂದು ನೇಮಕವಾದ ವೈದ್ಯನ ಮಾತುಗಳನ್ನು ಆಡಿದವರು 2019ರಲ್ಲಿ ತೀರಿಕೊಂಡ ಡಚ್ ನಟ ರುಟ್ಗರ್ ಹೌವರ್. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಹಾಡು ಮತ್ತು ಮಾತಿನಿಂದಲೇ ಕಥೆ ಸಾಗುತ್ತದೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಅಪರಿಚಿತವೆನಿಸದು. ಲೂಕಾಸೆನ್ನರದು ಮಹಾಗಾಯಕನ ಕಂಠವಲ್ಲ. ದಿಕ್ಕುತಪ್ಪಿದ ಸಾಮಾನ್ಯನ ಪಾತ್ರಕ್ಕೆ ಅದೇ ಸರಿಯಾಗಿ ಒಪ್ಪುತ್ತದೆಯೆಂಬುದು ನಮ್ಮ ಅಭಿಪ್ರಾಯ.

ಆ ಹೊಸ ಲೋಕದಲ್ಲಿ ಮಗುವನ್ನು ಪಡೆಯಲೂ ಪರವಾನಗಿ ಬೇಕು! ವಾಸದ ಪರವಾನಗಿಗಾಗಿ ಕಾಗದಪತ್ರ ಹಿಡಿದು ಸಾಲಿನಲ್ಲಿ ನಿಂತವರು ಈ ಹಾಡಿಗೆ ನಗುವಾಗ ಎದೆಯಲ್ಲಿ ಸಣ್ಣದೊಂದು ಮುಳ್ಳೂ ಆಡುತ್ತದೆ. ಅವನು ಕಾಲವನ್ನು ದಾಟಿದ, ನಾವು ದೇಶವನ್ನು ದಾಟಿದೆವು. ಅಷ್ಟೇ ಅಲ್ಲ, ಇಪ್ಪತ್ತು ವರ್ಷಗಳ ಮೇಲೆ ಧಾರವಾಡಕ್ಕೋ ಮೈಸೂರಿಗೋ ಹೋಗಿ ಇಳಿದಾಗ, ಬಿಟ್ಟುಬಂದ ಬೀದಿಯೇ ನಮ್ಮನ್ನು ಗುರುತಿಸುವುದಿಲ್ಲ. ಅಲ್ಲಿ ನಾವು ಕಾಲವನ್ನೂ ದಾಟಿದವರೇ. ಯಂತ್ರ, ಔಷಧ, ಆಯುಸ್ಸು ಎಲ್ಲವೂ ದೊರೆತ ಮೇಲೂ 'ಇದು ನನ್ನ ಬದುಕೇ?' ಎಂದು ಕೇಳಿಕೊಳ್ಳುವವನ ಒಂಟಿತನದಲ್ಲಿಯೇ ಈ ಕೃತಿಯ ಸೆಳೆತವಿದೆ.

ಅಂತರಂಗವನ್ನು ರಂಗವಾಗಿಸುವುದು ಲೂಕಾಸೆನ್ನರಿಗೆ ಹೊಸದಲ್ಲ. 2004ರ 'ದ ಹ್ಯೂಮನ್ ಈಕ್ವೇಷನ್'ನಲ್ಲಿ ಪ್ರಜ್ಞೆ ತಪ್ಪಿ ಮಲಗಿದವನೊಬ್ಬನ ಭಯ, ಕೋಪ, ಪ್ರೀತಿ, ವಿವೇಚನೆಗಳೇ ಪಾತ್ರಗಳಾಗಿ ಹಾಡುತ್ತವೆ. ವಿವೇಕ, ಮೋಹಗಳನ್ನು ಪಾತ್ರಗಳಾಗಿಸಿದ ಕೃಷ್ಣಮಿಶ್ರನ 'ಪ್ರಬೋಧಚಂದ್ರೋದಯ'ವನ್ನು ಬಲ್ಲವರು ಇದನ್ನು ಕೇಳಿ ಮುಗುಳ್ನಗಬಹುದು.

2012ರ ಆಲ್ಬಮಿನಲ್ಲಿ ಎರಡು ಸಿ.ಡಿ.ಗಳಿವೆ. ಪಿಂಕ್ ಫ್ಲಾಯ್ಡ್ ಮೊದಲಾದವರ ಹಾಡುಗಳೂ ಸೇರಿರುವ ಎರಡನೆಯದನ್ನು ಬಿಡುವಾದಾಗ ಕೇಳಬಹುದು. ಮೊದಲನೆಯದನ್ನು ಮಾತ್ರ ಮಕ್ಕಳೊಡನೆ ಕುಳಿತು ಕೇಳುವುದು ಒಳ್ಳೆಯದು. ಸಾಹಿತ್ಯ ಕಿವಿಗೆ ಸಿಕ್ಕದ ಕಡೆ ಅವರೇ ಬಿಡಿಸಿ ಹೇಳಲಿ.