ಬೆಂಕಿಬಾಯಿಯ ಕೆರೆಗಳು, ಬಾಳೆಗೊನೆಯ ಸೈಕಲ್ಲುಗಳು

ಪಶ್ಚಿಮ ಉಗಾಂಡಾದ ಫೋರ್ಟ್ ಪೋರ್ಟಲ್ ಸುತ್ತಮುತ್ತಲ ಕೆರೆಗಳು ದೂರದಿಂದ ಕಾಣುವುದಿಲ್ಲ. ನಮ್ಮಲ್ಲಾದರೆ ಮೊದಲು ಏರಿ ಕಾಣುತ್ತದೆ, ಏರಿಯ ಮೇಲಿನ ಮರಗಳು ಕಾಣುತ್ತವೆ, ಆಮೇಲೆ ನೀರು. ಇಲ್ಲಿ ನೀರು ನೋಡಲು ಗುಡ್ಡ ಹತ್ತಬೇಕು. ಬಾಳೆತೋಟಗಳ ನಡುವಿನ ಗರಸು ರಸ್ತೆಯಲ್ಲಿ ಸೈಕಲ್ ತುಳಿದು, ತುಳಿಯಲಾಗದ ಕಡೆ ಇಳಿದು ತಳ್ಳಿ, ಏದುಸಿರು ಬಿಡುತ್ತ ನೆತ್ತಿ ಮುಟ್ಟಿದರೆ ಆಚೆ ಬದಿಗೆ ನೆಲವೇ ಇಲ್ಲ. ಮುಂದಿನ ಚಕ್ರದ ಬುಡದಿಂದಲೇ ಕಡಿದಾದ ಇಳಿಜಾರು, ತಳದಲ್ಲಿ ದುಂಡಗೆ ಕಡುಹಸಿರು ನೀರು. ಎರಡು ಗುಡ್ಡ ದಾಟಿದರೆ ಇನ್ನೊಂದು ಕೆರೆ. ಅದರ ಬಣ್ಣ ನೀಲಿ.

ಕಾರಿನಲ್ಲಿ ಬಂದವರು ಇದನ್ನು ಬರೀ ಗುಡ್ಡಗಾಡು ಅಂದುಕೊಂಡು ಚಿಂಪಾಂಜಿ ನೋಡಲು ಪಕ್ಕದ ಕಿಬಾಲೆ ಕಾಡಿಗೆ ಹೊರಟುಬಿಡುತ್ತಾರೆ. ನಡೆದೇ ನೋಡುತ್ತೇನೆಂದರೆ ಒಂದು ದಿನಕ್ಕೆ ಎರಡು ಕೆರೆ ಮುಗಿಸುವುದೂ ಕಷ್ಟ. ಇಲ್ಲಿಗೆ ಸೈಕಲ್ಲೇ ಸರಿ. ಪಟ್ಟಣದಲ್ಲಿ ಬಾಡಿಗೆಗೆ ಗೇರ್ ಸೈಕಲ್ ಸಿಗುತ್ತದೆ, ಜೊತೆಗೆ ದಾರಿ ತೋರಿಸುವವನೂ ಸಿಗುತ್ತಾನೆ. ದಾರಿ ಎಂದರೆ ಒಂದೇ ಸಮ ಏರು, ಒಂದೇ ಸಮ ಇಳಿತ. ಸಪಾಟು ಎಂಬುದು ಊರ ಮಧ್ಯದ ಚರ್ಚಿನ ಅಂಗಳದಲ್ಲಿ ಮಾತ್ರ.

ಕೆರೆ ಹುಟ್ಟಿದ ಬಗೆ ಹೀಗೆ. ಪೂರ್ವ ಆಫ್ರಿಕಾದ ನೆಲ ಸೀಳುತ್ತಿರುವ ಮಹಾಬಿರುಕಿನ ಪಶ್ಚಿಮದ ಕವಲು ಇದೇ ಸೀಮೆಯಲ್ಲಿ ಹಾದುಹೋಗುತ್ತದೆ. ಬಿರುಕಿನೊಳಗಿಂದ ಮೇಲೆದ್ದ ಶಿಲಾಪಾಕ ಅಂತರ್ಜಲಕ್ಕೆ ತಾಗಿತು. ಕಾದ ಎಣ್ಣೆಗೆ ನೀರು ಬಿದ್ದಂತೆ ಸಿಡಿದು, ಉಗಿಯ ಒತ್ತಡಕ್ಕೆ ನೆಲದ ಬಂಡೆ ಪುಡಿಯಾಗಿ ಮೇಲಕ್ಕೆ ಹಾರಿತು. ಸುತ್ತ ಬಿದ್ದ ಬೂದಿ, ಕಲ್ಲುಪುಡಿಯೇ ಇಂದಿನ ದಿಣ್ಣೆ. ನಡುವೆ ಉಳಿದ ಗುಂಡಿಗೆ ಮಳೆನೀರು, ಒರತೆ ನೀರು ತುಂಬಿ ಕೆರೆಯಾಯಿತು. ಲಾವಾ ಹರಿಸಿ ಶಂಖದಂತೆ ಏಳುವ ಜ್ವಾಲಾಮುಖಿಯ ಜಾತಿಯಲ್ಲ ಇದು. ಒಮ್ಮೆ ಸಿಡಿದು ಸುಮ್ಮನಾದದ್ದು. ಭೂವಿಜ್ಞಾನದ ಲೆಕ್ಕದಲ್ಲಿ ಇವೆಲ್ಲ ಎಳೆಯವು, ಅನೇಕ ಕೆರೆಗಳಿಗೆ ಹತ್ತು ಸಾವಿರ ವರ್ಷದ ಆಸುಪಾಸಿನ ವಯಸ್ಸು. ಭಾರತದಿಂದ ಹೋದವರಿಗೆ ಮಹಾರಾಷ್ಟ್ರದ ಲೋಣಾರ್ ನೆನಪಾಗುವುದು ಸಹಜ. ಆದರೆ ಲೋಣಾರ್ ಉಲ್ಕೆ ಬಿದ್ದು ಆದ ಗುಂಡಿ, ಇವು ಒಳಗಿನಿಂದ ಎದ್ದವು. ಪಶ್ಚಿಮ ಉಗಾಂಡಾದಲ್ಲಿ ಇಂಥ ಕೆರೆಗಳು 80ಕ್ಕೂ ಹೆಚ್ಚಿವೆ. ಫೋರ್ಟ್ ಪೋರ್ಟಲ್ ಮತ್ತು ಅದರ ದಕ್ಷಿಣದ ಕಸೆಂಡಾ ಎರಡು ಗುಂಪು. ಇನ್ನೂ ದಕ್ಷಿಣಕ್ಕೆ ಕಟ್ವೆ ಮತ್ತು ಬುನ್ಯಾರುಗುರು. ಕಟ್ವೆಯ ಕೆರೆ ಉಪ್ಪಿನದು, ಅಲ್ಲಿ ಜನ ಸೊಂಟದ ಮಟ್ಟ ನೀರಿಗಿಳಿದು ಉಪ್ಪು ತೆಗೆಯುತ್ತಾರೆ.

ಕರಪತ್ರದಲ್ಲಿರುವ ಚರಿತ್ರೆಯನ್ನು ಇಲ್ಲೇ ಮುಗಿಸಿಬಿಡೋಣ. ಇದು ಟೋರೊ ರಾಜ್ಯ. 1830ರ ಸುಮಾರಿಗೆ ಬುನ್ಯೊರೊದ ರಾಜಕುಮಾರ ಕಬೋಯೊ ಅಪ್ಪನ ರಾಜ್ಯದಿಂದ ಬೇರೆಯಾಗಿ ಕಟ್ಟಿಕೊಂಡದ್ದು. ಪಟ್ಟಣದ ಹೆಸರು ಬ್ರಿಟಿಷ್ ಅಧಿಕಾರಿ ಜೆರಾಲ್ಡ್ ಪೋರ್ಟಲ್‌ನಿಂದ ಬಂತು. 1967ರಲ್ಲಿ ದೇಶದ ರಾಜಮನೆತನಗಳನ್ನೆಲ್ಲ ರದ್ದು ಮಾಡಿದ್ದರು, 1993ರಲ್ಲಿ ಮರಳಿಸಿದರು. ಈಗಿನ ಅರಸ ಒಯೊ 1995ರಲ್ಲಿ ಪಟ್ಟಕ್ಕೇರಿದಾಗ ಮೂರು ವರ್ಷದ ಕೂಸು. ಗುಡ್ಡದ ಮೇಲಿನ ದುಂಡು ಅರಮನೆಯನ್ನು ದುರಸ್ತಿ ಮಾಡಿಸಲು ದುಡ್ಡು ಕೊಟ್ಟದ್ದು ಲಿಬಿಯಾದ ಗಡಾಫಿ. 2020ರಲ್ಲಿ ಪಟ್ಟಣಕ್ಕೆ ನಗರದ ದರ್ಜೆ ಸಿಕ್ಕಿದೆ, ‘ಪ್ರವಾಸಿ ನಗರ’ ಎಂಬ ಬಿರುದಿನೊಂದಿಗೆ.

ನನ್ನ ಜೊತೆ ಬಂದವನಿಗೆ ಐವತ್ತು ದಾಟಿದೆ. ಪರಿಚಯವಾದ ಕೂಡಲೇ ಅವನು ಕೇಳಿದ್ದು ನನ್ನ ಹೆಸರಲ್ಲ, ನನ್ನ ಎಂಪಾಕೊ. ಟೋರೊ ಜನರಲ್ಲಿ ಹುಟ್ಟಿದ ಮಗುವಿಗೆ ಹೆಸರಿನ ಜೊತೆಗೆ ಅಕ್ಕರೆಯ ಇನ್ನೊಂದು ಹೆಸರಿಡುತ್ತಾರೆ. ಇರುವುದೇ ಹನ್ನೆರಡು: ಅಮೂತಿ, ಅಕೀಕಿ, ಅಡ್ಯೇರಿ, ಅಬ್ವೋಲಿ, ಅಟ್ವೋಕಿ, ಅರಾಲಿ ಹೀಗೆ. ಅದರಲ್ಲೊಂದು ಅರಸನಿಗೆ ಮೀಸಲು. ಇಡೀ ಸೀಮೆ ಉಳಿದವುಗಳನ್ನು ಹಂಚಿಕೊಂಡಿದೆ. ಹಿರಿಯರನ್ನು ಬರಿ ಹೆಸರಿಟ್ಟು ಕರೆಯುವುದು ಒರಟುತನ, ಎಂಪಾಕೊ ಹಿಡಿದು ಕರೆದರೆ ಗೌರವವೂ ಆಯಿತು, ಸಲುಗೆಯೂ ಆಯಿತು. ಜಗಳ ಬಿಡಿಸಲೂ ಇದೇ ಬಳಕೆ. ಯುನೆಸ್ಕೊ 2013ರಲ್ಲಿ ಈ ಪದ್ಧತಿಯನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಭಾಷೆ ಸವೆಯುತ್ತಿದೆ, ಕೆಲವು ಹೊಸ ಧಾರ್ಮಿಕ ಪಂಗಡಗಳು ಎಂಪಾಕೊ ಬೇಡವೆನ್ನುತ್ತಿವೆ. ನನ್ನ ಸಂಗಾತಿ ಅರಾಲಿ. ನನಗೆ ಎಂಪಾಕೊ ಇಲ್ಲವೆಂದು ತಿಳಿದು ಮರುಕಪಟ್ಟು, ರಸ್ತೆಬದಿಯಲ್ಲೇ ಅಬ್ವೋಲಿ ಎಂದು ನಾಮಕರಣ ಮಾಡಿಬಿಟ್ಟ. ಆಮೇಲೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಸಾರುತ್ತ ಹೋದ.

ಅರಾಲಿ ಅಸಲಿಗೆ ಗೈಡ್ ಅಲ್ಲ, ಸೈಕಲ್ ರಿಪೇರಿಯವನು. ಅದಕ್ಕೂ ಮೊದಲು ಸೈಕಲ್ಲಿನಲ್ಲಿ ಮಟೋಕೆ ಹೊತ್ತವನು. ಮಟೋಕೆ ಎಂದರೆ ಹಸಿರು ಅಡುಗೆ ಬಾಳೆ. ಸಿಪ್ಪೆ ಸುಲಿದು, ಬಾಳೆಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿ, ಕಿವುಚಿ, ಶೇಂಗಾ ಗೊಜ್ಜಿನೊಂದಿಗೆ ಉಣ್ಣುತ್ತಾರೆ. ಈ ಸೀಮೆಯ ಬೂದಿಮಣ್ಣಿಗೆ ಬಾಳೆ ಹುಚ್ಚೆದ್ದು ಬೆಳೆಯುತ್ತದೆ. ತೋಟದಿಂದ ಸಂತೆಗೆ ಗೊನೆ ಸಾಗಿಸುವುದು ತಲೆಮಾರುಗಳಿಂದ ಸೈಕಲ್ಲಿನ ಕೆಲಸ. ನ್ಕುರುಬಾ ಕೆರೆಯ ಪಕ್ಕದ ರ್ವೈಹಂಬಾದಲ್ಲಿ ಅವತ್ತು ಸಂತೆ. ದಾರಿಯುದ್ದಕ್ಕೂ ಆ ಸೈಕಲ್ಲುಗಳು ಎದುರಾದವು. ಸವಾರಿ ಅನ್ನಲಾಗದು, ಯಾರೂ ಮೇಲೆ ಕೂತಿರಲಿಲ್ಲ. ಕ್ಯಾರಿಯರ್ ಮೇಲೆ, ಎರಡೂ ಬದಿಗೆ, ಮುಂದಿನ ಬಾರಿನ ತ್ರಿಕೋನದೊಳಗೂ ಗೊನೆಗಳು. ಹ್ಯಾಂಡಲ್ಲಿಗೆ ಅಡ್ಡ ಕೋಲು ಕಟ್ಟಿ, ಅದನ್ನು ಹಿಡಿದು ಆಳು ಪಕ್ಕದಲ್ಲಿ ನಡೆಯುತ್ತಾನೆ. ಏರಿನಲ್ಲಿ ಇನ್ನೊಬ್ಬ ಹಿಂದಿನಿಂದ ನೂಕುತ್ತಾನೆ. ಇಳಿತ ಬಂದರೆ ಚಪ್ಪಲಿಯ ಅಟ್ಟೆಯೇ ಬ್ರೇಕ್.

ಅಂಥ ಸೈಕಲ್ ಅಂಗಡಿಯಿಂದ ಬಂದ ಹಾಗೆಯೇ ಕೆಲಸಕ್ಕೆ ಬರುವುದಿಲ್ಲವೆಂದು ಅರಾಲಿ ಒಂದು ಗಂಟೆ ವಿವರಿಸಿದ. ನಾನು ಕೆರೆ ನೋಡಬೇಕೆಂದು ಚಡಪಡಿಸುತ್ತಿದ್ದೆ, ಅವನಿಗೆ ಅದರ ಪರಿವೆಯಿಲ್ಲ. ಭಾರತದಿಂದಲೋ ಚೀನಾದಿಂದಲೋ ಬಂದ ಕರಿ ಸೈಕಲ್ ಮೊದಲು ವೆಲ್ಡರ್ ಬಳಿ ಹೋಗಬೇಕು. ಮುಂದಿನ ಫೋರ್ಕಿಗೆ ಎರಡೂ ಕಡೆ ಕಬ್ಬಿಣದ ಸರಳಿನ ಊರುಗೋಲು. ಕ್ಯಾರಿಯರ್ ಕಿತ್ತೆಸೆದು ಕಟ್ಟಡದ ಸರಳಿನಿಂದ ಹೊಸದು. ಹಿಂದಿನ ಚಕ್ರದ ಕಡ್ಡಿಗಳನ್ನೆಲ್ಲ ಬಿಚ್ಚಿ ದಪ್ಪ ಕಡ್ಡಿ ಹಾಕಿ ಬೆಂಡ್ ತೆಗೆಯಬೇಕು. ಟೈರಿನೊಳಗೆ ಹಳೆ ಟೈರಿನ ಇನ್ನೊಂದು ಪದರ. ಕಟ್ಟಲು ಹಗ್ಗ ಬಾರದು, ಹಳೆ ಟ್ಯೂಬು ಸೀಳಿದ ಪಟ್ಟಿಯೇ ಆಗಬೇಕು. ಹಗ್ಗ ಸಡಿಲವಾಗುತ್ತದೆ, ರಬ್ಬರ್ ಬಿಗಿಯುತ್ತದೆ. ಚಕ್ರ ತಿರುಗಿಸಿ, ಕಡ್ಡಿಗಳಿಗೆ ಬೆರಳು ತಾಗಿಸಿ, ಸದ್ದಿನಿಂದಲೇ ಯಾವುದು ಸಡಿಲವೆಂದು ಹೇಳುತ್ತಾನಂತೆ. ನನ್ನ ಬಾಡಿಗೆ ಸೈಕಲ್ಲಿನ ಚಕ್ರವನ್ನೂ ಹಾಗೆ ಮುಟ್ಟಿ ನೋಡಿ ಮುಖ ಸಿಂಡರಿಸಿದ. ‘ಇಪ್ಪತ್ತೊಂದು ಗೇರು, ಒಂದು ಕ್ಯಾರಿಯರ್ ಇಲ್ಲ. ಇದನ್ನು ತಗೊಂಡು ಏನು ಮಾಡ್ತಾರೆ?’

ಆ ಕೆಲಸ ಈಗ ಕಡಿಮೆ. ಉಗಾಂಡಾದ ಬೋಡಾ ಬೋಡಾ ಎಂಬ ಬಾಡಿಗೆ ಸವಾರಿ 1960ರ ದಶಕದಲ್ಲಿ ಕೀನ್ಯಾ ಗಡಿಯ ಬುಸಿಯಾದಲ್ಲಿ ಶುರುವಾದಾಗ ಅದು ಸೈಕಲ್ಲೇ ಆಗಿತ್ತು. ಎರಡು ದೇಶಗಳ ಚೌಕಿಗಳ ನಡುವಿನ ದಾರಿಯಲ್ಲಿ ಜನರನ್ನು ಕ್ಯಾರಿಯರ್ ಮೇಲೆ ಕೂರಿಸಿ ದಾಟಿಸುತ್ತಿದ್ದರು. ಇಂದು ಬೋಡಾ ಎಂದರೆ ಮೋಟಾರ್‌ಸೈಕಲ್. ಅದರಲ್ಲಿ ಹೆಚ್ಚಿನವು ಭಾರತದಲ್ಲಿ ತಯಾರಾದ ನೂರು ಸಿಸಿ ಬೈಕುಗಳು. ಕಾಮ್ವೆಂಗೆ ಕಡೆಯ ರಸ್ತೆಗೆ ಡಾಂಬರು ಬಿದ್ದ ಮೇಲಂತೂ ಗೊನೆಯೂ ಬೈಕೇರಿದೆ. ‘ಸೈಕಲ್ಲೂ ನಿಮ್ಮ ದೇಶದ್ದೇ, ಅದನ್ನ ಮೂಲೆಗೆ ತಳ್ಳಿದ ಬೈಕೂ ನಿಮ್ಮ ದೇಶದ್ದೇ’ ಎಂದು ಅರಾಲಿ ನಗಾಡಿದ. ಅಣ್ಣನ ಮಗ ಸಾಲ ಮಾಡಿ ಬೈಕು ತಗೊಂಡಿದ್ದಾನೆ. ‘ದಿನವೆಲ್ಲ ಓಡಿಸ್ತಾನೆ, ಸಂಜೆ ಪೆಟ್ರೋಲ್ ಬಂಕಿನವನಿಗೂ ಸಾಲ ಕೊಟ್ಟವನಿಗೂ ಹಂಚ್ತಾನೆ. ನನ್ನ ಸೈಕಲ್ಲಿಗೆ ಮಟೋಕೆ ಹಾಕಿದ್ರೆ ಸಾಕಿತ್ತು, ಅಬ್ವೋಲಿ. ಅದೂ ನನ್ನ ಹೊಟ್ಟೆಗೆ.’

ಕೊನೆಗೂ ನ್ಕುರುಬಾ. ಮೂರು ಹೆಕ್ಟೇರಿನಷ್ಟೇ ಪುಟ್ಟ ಕೆರೆ, ಆಳ ಮಾತ್ರ 38 ಮೀಟರು. ದಡದ ಇಳಿಜಾರಿನಲ್ಲಿ ಕಾಡು ಹಾಗೇ ಉಳಿದಿದೆ, ಅದರಲ್ಲಿ ಕಪ್ಪು ಬಿಳುಪು ಕೊಲೊಬಸ್ ಮಂಗಗಳು ಉದ್ದ ಬಾಲ ಇಳಿಬಿಟ್ಟು ಕೂತಿರುತ್ತವೆ. ಗೋಡೆಯಂಥ ದಡಗಳಿಂದಾಗಿ ಗಾಳಿ ನೀರನ್ನು ಕಲಕುವುದಿಲ್ಲ. ಹಾಗಾಗಿ ಆಮ್ಲಜನಕ ಇರುವುದು ಮೇಲಿನ ಕೆಲವೇ ಮೀಟರಿನಲ್ಲಿ, ಮೀನಿನ ಬಾಳೆಲ್ಲ ಆ ತೆಳು ಪದರದಲ್ಲೇ. ಇಂಥ ಕೆರೆಗಳಲ್ಲಿ ಕೆಳಗಿನ ನೀರು ಒಮ್ಮೆಲೇ ಮೇಲೆ ಬಂದರೆ ಮೀನು ಸಾಯುತ್ತವೆ. ದಡದ ಮರ ಕಡಿದು ಜೋಳ, ನೀಲಗಿರಿ ಹಾಕಿದ ಕೆರೆಗಳಿಗೆ ಮಳೆಗಾಲದಲ್ಲಿ ಮಣ್ಣು ನೇರ ಇಳಿಯುತ್ತದೆ. ನ್ಕುರುಬಾ ತಿಳಿಯಾಗಿ ಉಳಿದದ್ದಕ್ಕೆ ಅದರ ಮರಗಳೇ ಕಾರಣ.

ಊರವರ ದೂರು ಬೇರೆ. ಕಡುನೀಲಿಯ ನ್ಯಿನಂಬುಗಾ ಕೆರೆಯ ಚಿತ್ರ 20,000 ಶಿಲ್ಲಿಂಗ್ ನೋಟಿನ ಮೇಲಿದೆ ಎಂದು ಇಲ್ಲಿ ಎಲ್ಲರೂ ಹೆಮ್ಮೆಯಿಂದ ನೋಟು ತೆಗೆದು ತೋರಿಸುತ್ತಾರೆ. ಹೆಮ್ಮೆಯ ಬೆನ್ನಿಗೇ ಗೊಣಗಾಟ: ನೋಟದ ಜಾಗವೆಲ್ಲ ಲಾಡ್ಜಿನವರ ಪಾಲು. ದಿಣ್ಣೆಯ ನೆತ್ತಿ ಬೆಳೆಗೆ ಅಷ್ಟೇನೂ ಒದಗದ ಜಾಗ, ಆದ್ದರಿಂದ ಹಿಂದೆ ಮಾರಿದವರು ಅಗ್ಗಕ್ಕೇ ಮಾರಿದರು. ಈಗ ಅಲ್ಲಿ ಬೇಲಿ. ನೀರಿಗೆ ಹೋಗುವ ಕಾಲುದಾರಿ ಸುತ್ತು ಹಾಕಿಕೊಂಡು ಇಳಿಯಬೇಕು. ಇಪ್ಪತ್ತು ಲೀಟರಿನ ಹಳದಿ ಜೆರ್ರಿಕ್ಯಾನ್ ಹೊತ್ತು ಆ ಕಡಿದಾದ ದಾರಿ ಹತ್ತುವವರು ಹೆಂಗಸರು, ಶಾಲೆ ಬಿಟ್ಟ ಮಕ್ಕಳು. ನಾನು ಬರಿಗೈಲಿ ಇಳಿದು ಹತ್ತಿದ್ದಕ್ಕೇ ಮೊಣಕಾಲು ಬಿಟ್ಟುಬಂದಿತ್ತು. ಹೊಸ ‘ಪ್ರವಾಸಿ ನಗರ’ ಮೊದಲು ಒಂದು ಕೈಪಂಪು ಹಾಕಿಸಲಿ ಎಂದು ಸಂತೆಯಲ್ಲಿ ಟೊಮೆಟೊ ಮಾರುತ್ತಿದ್ದ ಹೆಂಗಸು ಜೋರಾಗಿಯೇ ಹೇಳಿದಳು. ನನ್ನನ್ನು ಯಾವುದೋ ಇಲಾಖೆಯವನೆಂದು ತಿಳಿದಿರಬೇಕು.

ಸಂತೆಯ ಊಟಕ್ಕೆ ರೋಲೆಕ್ಸ್ ಇದೆ: ನಮ್ಮದೇ ಚಪಾತಿ, ಮೇಲೆ ಮೊಟ್ಟೆ ಹರಡಿ, ಎಲೆಕೋಸು ಉದುರಿಸಿ ಸುರುಳಿ ಸುತ್ತಿದ್ದು. ಚಪಾತಿ, ಚಾಯ್ ಎರಡನ್ನೂ ಇಲ್ಲಿಗೆ ತಂದವರು ಭಾರತೀಯರು. ಇದಿ ಅಮೀನ್ 1972ರಲ್ಲಿ ತೊಂಬತ್ತು ದಿನದ ಗಡುವು ಕೊಟ್ಟು ಅವರನ್ನು ಹೊರಗಟ್ಟಿದ, ತಿಂಡಿ ಉಳಿಯಿತು. ಚಹಾ ಮಾತ್ರ ಬೇಸರ ತರಿಸಿತು. ಕಣ್ಣು ಹಾಯಿಸಿದಲ್ಲೆಲ್ಲ ತೇಯಿಲೆ ತೋಟವಿರುವ ಊರಿನಲ್ಲಿ ಬಿಸಿನೀರಿಗೆ ಅದ್ದುವ ಕಾಗದದ ಚೀಲ ಕೊಡುತ್ತಾರೆ.

ರ್ವೆಂಝೋರಿ ಕಾಣಲಿಲ್ಲ. ಭೂಮಧ್ಯ ರೇಖೆಗೆ ಅಂಟಿಕೊಂಡೇ 5,109 ಮೀಟರು ಎದ್ದು ಹಿಮ ಹೊತ್ತಿರುವ ಪರ್ವತ ಪಶ್ಚಿಮದ ದಿಗಂತದಲ್ಲೇ ಇರುತ್ತದಂತೆ. ಇಡೀ ದಿನ ಅಲ್ಲಿದ್ದದ್ದು ಬೂದುಬಣ್ಣದ ಮೋಡ. ಬೆಳಗಿನ ಆರಕ್ಕೆ ಎದ್ದಿದ್ದರೆ ಕಾಣುತ್ತಿತ್ತು ಎಂದು ಅರಾಲಿ ಹೇಳಿದ. ಏಳಕ್ಕೆ ಬಾ ಎಂದು ಹೇಳಿದ್ದವನೂ ಅವನೇ.

ಹೋಗುವವರಿಗೆ: ಮುಂಬೈನಿಂದ ಎಂಟೆಬ್ಬೆಗೆ ನೇರ ವಿಮಾನವಿದೆ, ಕಂಪಾಲಾದಿಂದ ಫೋರ್ಟ್ ಪೋರ್ಟಲ್ ಬಸ್ಸಿನಲ್ಲಿ ಸುಮಾರು 300 ಕಿಲೋಮೀಟರು. ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ಮಳೆಗಾಲ. ಗರಸು ರಸ್ತೆ ಆಗ ಸೈಕಲ್ಲಿಗೆ ಆಗಿಬರುವುದಿಲ್ಲ. ಹಳದಿ ಜ್ವರದ ಲಸಿಕೆ ಕಾರ್ಡು ಅಲ್ಲಿಗೆ ಇಳಿಯಲೂ ಬೇಕು, ಇಲ್ಲಿಗೆ ಮರಳಲೂ ಬೇಕು, ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದವರು ಪ್ರತ್ಯೇಕವಾಗಿ ಕೂರಿಸುತ್ತಾರೆ. ಬಾಡಿಗೆ ಸೈಕಲ್ ಹಿಡಿಯುವ ಮುಂಚೆ ಹಿಂದಿನ ಬ್ರೇಕ್ ಒತ್ತಿ ನೋಡಿ. ಸೀಟು ಗಟ್ಟಿಯಿದೆ, ದಿಂಬು ಕೇಳಿದರೆ ನಗುತ್ತಾರೆ, ಆದರೂ ಕೇಳಿ.