ಮಾದಲದ ಲೆಕ್ಕ, ಮಲ್ಲಿಗೆಯ ಲೆಕ್ಕ

‘ರೇಖಾತ್ಮಕ ಸಮೀಕರಣವನ್ನು ಆದರ್ಶ ರೂಪಕ್ಕೆ ತನ್ನಿ’ ಎಂಬ ಪ್ರಶ್ನೆ ಕೂಡ್ಲಿಗಿ, ಕೊಟ್ಟೂರಿನಿಂದ ಹರಪನಹಳ್ಳಿಯವರೆಗಿನ ಹೈಸ್ಕೂಲು ಮಕ್ಕಳಿಗೆ ಹೊಸದಲ್ಲ. ಉತ್ತರವೇ ಬಾರದ ಈ ಹೆಜ್ಜೆ ಯಾಕೆ ಬೇಕೆಂದು ಕೇಳಿದರೆ ‘ಪರೀಕ್ಷೆಗೆ ಬರುತ್ತದೆ’ ಎಂದು ಬಾಯಿ ಮುಚ್ಚಿಸುವುದೇ ಹೆಚ್ಚು. ಸರಿಯಾದ ಉತ್ತರ ಕನ್ನಡ ನಾಡಿನ ಹಳೆಯ ಗಣಿತ ಗ್ರಂಥವೊಂದರಲ್ಲಿದೆ.

ಅದು ‘ಗಣಿತಸಾರಸಂಗ್ರಹ’. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ವಿದ್ವಾಂಸ ಮಹಾವೀರಾಚಾರ್ಯ ಅದನ್ನು ಸಂಸ್ಕೃತದಲ್ಲಿ ಬರೆದ. (ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಹಳೆಯ ಬಸದಿ ಕಂಡವರಿಗೆ ಈ ಸೀಮೆಗೂ ಜೈನರಿಗೂ ಇದ್ದ ನಂಟನ್ನು ಬಿಡಿಸಿ ಹೇಳಬೇಕಿಲ್ಲ.) ಅವನ ಲೆಕ್ಕವೊಂದು ಹೀಗಿದೆ: 9 ಮಾದಲದ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿದರೆ 101. ಒಂದೊಂದು ಹಣ್ಣಿನ ಬೆಲೆ ಎಷ್ಟು?

ಹೀಗೆ ಸಂಖ್ಯೆಗಳು ಅದಲುಬದಲಾದ ಲೆಕ್ಕಕ್ಕೆ ಅವನೇ ಸೂತ್ರ ಕೊಟ್ಟಿದ್ದಾನೆ. ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿದರೆ 963. ಚಿಕ್ಕದನ್ನು ಚಿಕ್ಕದರಿಂದ ಗುಣಿಸಿದರೆ 707. ವ್ಯತ್ಯಾಸ 256. ಇದನ್ನು 9 ಮತ್ತು 7ರ ವರ್ಗಗಳ ವ್ಯತ್ಯಾಸವಾದ 32ರಿಂದ ಭಾಗಿಸಿದರೆ 8. ಅದು ಮಾದಲದ ಬೆಲೆ. ಬೇಲಕ್ಕೆ 5.

ಸೂತ್ರ ಇಷ್ಟು ಸಲೀಸಾಗಿ ಓಡುವುದು ಹಣ್ಣುಗಳೆಲ್ಲ ಒಂದು ಕಡೆ ಒಂದೇ ಅನುಕ್ರಮದಲ್ಲಿ, ಹಣ ಮಾತ್ರ ಇನ್ನೊಂದು ಕಡೆ ಇರುವುದರಿಂದ. ಆದರ್ಶ ರೂಪವೆಂದರೆ ಇದೇ.

ಸಂತೆಯ ಮಾತು ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಮಲ್ಲಿಗೆಗೆ ಹೆಸರಾದ ಹಡಗಲಿಯಲ್ಲಿ ಒಬ್ಬಾಕೆ 200 ರೂಪಾಯಿ ಕೊಟ್ಟು 3 ಮಾರು ಮಲ್ಲಿಗೆ, 2 ಮಾರು ಕನಕಾಂಬರ ಕೊಂಡಳೆನ್ನಿ. 20 ರೂಪಾಯಿ ವಾಪಸು ಬಂತು. ಇನ್ನೊಬ್ಬಾಕೆ 170 ರೂಪಾಯಿಯಲ್ಲಿ 2 ಮಾರು ಮಲ್ಲಿಗೆಯ ಹಣ ಮುರಿದುಕೊಂಡು, ಉಳಿದುದಕ್ಕೆ ಸರಿಯಾಗಿ 3 ಮಾರು ಕನಕಾಂಬರ ಕೊಂಡಳು. (ದರ ಲೆಕ್ಕಕ್ಕೆಂದು ಹಿಡಿದದ್ದು, ಹೂವಾಡಿಗರು ಮುನಿಯಬಾರದು.) ಆಡಿದಂತೆಯೇ ಬರೆದರೆ:

200 − 3ಮ − 2ಕ = 20
3ಕ = 170 − 2ಮ

ಇಲ್ಲಿ ಕಣ್ಣಿಗೆ ಬಿದ್ದ 200ನ್ನೇ ‘ಬೆಲೆ’ ಎಂದು ಹಿಡಿದು ಸೂತ್ರ ಹಾಕಿದರೆ ಮಲ್ಲಿಗೆ ಮಾರಿಗೆ 52 ರೂಪಾಯಿ ಎಂದು ಬರುತ್ತದೆ. ತಪ್ಪು. ಮೊದಲನೆಯದರಲ್ಲಿ ಹೂವನ್ನೆಲ್ಲ ಒಂದು ಕಡೆಗೂ ಹಣವನ್ನೆಲ್ಲ ಇನ್ನೊಂದು ಕಡೆಗೂ ಸರಿಸಬೇಕು. ಸಮಚಿಹ್ನೆ ದಾಟುವಾಗ ಕಳೆಯುವುದು ಕೂಡುವುದಾಗುತ್ತದೆ, ಕೂಡುವುದು ಕಳೆಯುವುದಾಗುತ್ತದೆ. ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಎರಡನೆಯದರಲ್ಲಿ 2ಮ ಮಾತ್ರ ಎಡಕ್ಕೆ ಬಂದರೆ ಸಾಕು:

3ಮ + 2ಕ = 180
2ಮ + 3ಕ = 170

ಭಿನ್ನರಾಶಿಗಳಿದ್ದರೆ ಛೇದಗಳ ಲ.ಸಾ.ಅ.ದಿಂದ ಸಾಲಿಗೆ ಸಾಲನ್ನೇ ಗುಣಿಸಿ ಅವನ್ನು ಕಳೆದುಕೊಳ್ಳಬೇಕು. ಒಂದು ಪದ ಬಿಟ್ಟುಹೋದರೂ ಸಮ ಕೆಟ್ಟಿತು.

ಅಂದಹಾಗೆ, ಅಜ್ಞಾತಕ್ಕೆ ಹೆಸರಿನ ಮೊದಲಕ್ಷರ ಬಳಸುವುದೂ ಹಳೆಯ ರೂಢಿಯೇ. 1150ರಲ್ಲಿ ಎರಡನೆಯ ಭಾಸ್ಕರಾಚಾರ್ಯ ಅಜ್ಞಾತಗಳನ್ನು ಕಾಲಕ, ನೀಲಕ ಎಂದು ಬಣ್ಣಗಳಿಂದ ಕರೆದು ‘ಕಾ’, ‘ನೀ’ ಎಂದು ಬರೆಯುತ್ತಿದ್ದ.

ಈಗ ಮಹಾವೀರನ ಸೂತ್ರ ಹಾಕಿ ನೋಡಿ. 540ರಿಂದ 340 ಕಳೆದರೆ 200. 9ರಿಂದ 4 ಕಳೆದರೆ 5. ಮಲ್ಲಿಗೆ ಮಾರಿಗೆ 40 ರೂಪಾಯಿ, ಕನಕಾಂಬರ 30.